ಗಂಟಲಿನ ವಾಲ್ವ್: ಮಾತು ಸರಿ, ಮೇಂಟೆನೆನ್ಸ್ ಜಾಸ್ತಿ

ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ಪೂರ್ತಿ ತೆಗೆಸಬೇಕಾದವರಿಗೆ ಈ ಬರಹ. ರೋಗ ಬೇಗ ಸಿಕ್ಕಿದರೆ ರೇಡಿಯೇಷನ್ನೋ ಲೇಸರ್ರೋ ಮಾಡಿ ಪೆಟ್ಟಿಗೆ ಉಳಿಸುತ್ತಾರೆ. ನನ್ನದು ಆ ಹಂತ ದಾಟಿತ್ತು. ಹಾಸನ ರೂಟಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು, ಗಂಟಲೇ ಬಂಡವಾಳ.

ವಾಯ್ಸ್ ಪ್ರಾಸ್ಥೆಸಿಸ್ ಅಂದರೆ ಅಂಗಿ ಗುಂಡಿಯಷ್ಟಿರುವ ಸಿಲಿಕೋನ್ ವಾಲ್ವ್. ಆಪರೇಷನ್ ಆದ ಮೇಲೆ ಉಸಿರಾಟ ಕತ್ತಿನ ತೂತಿನಿಂದ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ಕಿಂಡಿ ಮಾಡಿ ಇದನ್ನು ಕೂರಿಸುತ್ತಾರೆ. ಹೆಬ್ಬೆರಳಿನಿಂದ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟುತ್ತದೆ, ಅನ್ನನಾಳದ ಮೇಲ್ಭಾಗ ಅದುರಿ ಸದ್ದು ಬರುತ್ತದೆ. ಅಮೆರಿಕದ ಬ್ಲೋಮ್ ಮತ್ತು ಸಿಂಗರ್ 1980ರಲ್ಲಿ ತೋರಿಸಿಕೊಟ್ಟ ದಾರಿ ಇದು.

ಧ್ವನಿ ಗೊಗ್ಗರು. ಫೋನಲ್ಲಿ "ಏನ್ ಸಾರ್, ನೆಗಡೀನಾ?" ಅಂತಾರೆ. ಆದರೂ ಕತ್ತಿಗೆ ಒತ್ತಿ ಹಿಡಿಯುವ ಬ್ಯಾಟರಿ ಯಂತ್ರಕ್ಕಿಂತ ಎಷ್ಟೋ ಮೇಲು. ಅದರದು ಒಂದೇ ರಾಗ. ಇದರಲ್ಲಿ ಬೈದರೆ ಬೈದ ಹಾಗೇ ಕೇಳುತ್ತದೆ. 'ಹ' ಮಾತ್ರ ಕಷ್ಟ. ಹಾಸನ ಅಂದರೆ ಆಸನ ಅಂತಲೇ ಬರುತ್ತದೆ. ನಮ್ಮ ಕಡೆ ಅರ್ಧ ಜನ ಹಾಗೇ ಅನ್ನುತ್ತಾರೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಇನ್ನು ಕಿರಿಕಿರಿ. ವಾಲ್ವ್ ಮೇಲೆ ಬೂಷ್ಟು ಬೆಳೆಯುತ್ತದೆ, ಆಗ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಕಾಫಿ ಗುಟುಕರಿಸಿದ ಕೂಡಲೇ ಕೆಮ್ಮು. ಕನ್ನಡಿ ಮುಂದೆ ಟಾರ್ಚ್ ಬಿಟ್ಟು ನೋಡಿದರೆ ವಾಲ್ವ್ ನಡುವಿನಿಂದ ಕಾಫಿ ಬಣ್ಣದ ಹನಿ ಜಿನುಗುತ್ತಿರುತ್ತದೆ. ಮೊದಲು ಅದರ ಸಣ್ಣ ಬ್ರಷ್ಷನ್ನು ಒಳಗೆ ತಿರುಗಿಸಿ ಕ್ಲೀನ್ ಮಾಡಿ. ಆಮೇಲೂ ಸೋರಿದರೆ ಬದಲಿಸಲೇಬೇಕು. ಸುಮ್ನೆ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಯಾವ ಕಂಪನಿಯದೇ ಆಗಲಿ, ಕೆಲವು ತಿಂಗಳಿಗೊಮ್ಮೆ ಈ ಪಾಡು ಇದ್ದದ್ದೇ. ವಾಲ್ವ್ ಕಳಚಿ ಬಿದ್ದರಂತೂ ತಡ ಮಾಡಬೇಡಿ, ಕಿಂಡಿ ಬೇಗ ಮುಚ್ಚಿಕೊಳ್ಳುತ್ತದೆ.

ಪೆಟ್ಟು ಬೀಳುವುದು ಜೇಬಿಗೆ. ಹೊರದೇಶದ ವಾಲ್ವ್ ಒಂದಕ್ಕೆ ಹತ್ತಾರು ಸಾವಿರ. ಮೊದಲನೆಯದನ್ನು ಸಾಲ ಮಾಡಿ ಹಾಕಿಸಿಕೊಂಡು, ಎರಡನೆಯದಕ್ಕೆ ದುಡ್ಡಿಲ್ಲದೆ ಮಾತೇ ಬಿಟ್ಟವರನ್ನು ಓಪಿಡಿ ಸಾಲಿನಲ್ಲಿ ಕಂಡಿದ್ದೇನೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯ ಶಶಾಂಕ್ ಮಹೇಶ್ ಸುಮಾರು 50 ರೂಪಾಯಿಯ 'ಓಂ' ವಾಲ್ವ್ ಮಾಡಿದ್ದು ಇಂಥವರಿಗಾಗಿಯೇ. ಆಪರೇಷನ್ನಿಗೆ ಮುಂಚೆಯೇ ನಿಮ್ಮ ಡಾಕ್ಟರ್ ಹತ್ತಿರ ಅದರ ಬಗ್ಗೆ ಕೇಳಿ. ವಾಲ್ವ್ ರೇಟ್ ಒಂದೇ ಅಲ್ಲ, ಪ್ರತಿ ಸಲ ಬದಲಿಸುವ ಖರ್ಚು ಎಷ್ಟು ಅಂತಲೂ ಬಾಯಿ ಬಿಟ್ಟು ಕೇಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಅದೂ ಸ್ಪೀಚ್ ಥೆರಪಿ ಮಾಡಿಸಿದರೆ ಮಾತ್ರ. ತೂತನ್ನು ಜೋರಾಗಿ ಅದುಮಿದರೆ ಮಾತೇ ಹೊರಡುವುದಿಲ್ಲ, ಸಡಿಲ ಬಿಟ್ಟರೆ ಬುಸ್ ಅಂತ ಗಾಳಿ ಹೋಗುತ್ತದೆ. ಆ ಹದ ಹೇಳಿಕೊಡುವವರು ಬೇಕು. ನಮ್ಮ ಕಡೆಯವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ, ವಿಚಾರಿಸಿ.