ಅಂಗಳದ ಮಾವಿನಮರಕ್ಕೆ ಸೊಪ್ಪು ಕಡಿದ ಹಾಗೆ ಕತ್ತಿ ಹಾಕಿಸಬೇಡಿ

ಶಿರಸಿ ಕಡೆಯ ಒಂದು ಹಂಚಿನ ಮನೆಯಲ್ಲಿ ಅಂಗಳದ ಹಳೆ ಮಾವಿನಮರ ಮಳೆಗಾಲದ ಗಾಳಿಗೆ ಸೀಳಿ, ಅರ್ಧ ಮರ ಕೊಟ್ಟಿಗೆ ಮೇಲೆ ಬಿತ್ತು. ದನಗಳು ಮೇಯಲು ಹೋಗಿದ್ದವು, ಬಚಾವು. ಮೂರು ವರ್ಷದ ಹಿಂದೆ ದುಡ್ಡು ಕೊಟ್ಟು ‘ಹಗುರ ಮಾಡಿಸಿದ’ ಮರ ಅದು.

ಆಳೆತ್ತರದಲ್ಲಿ ಸಮದಪ್ಪದ ಎರಡು ಕಾಂಡ, ನಡುವೆ ಇಕ್ಕಟ್ಟಾದ ಕವಲು. ಇಂಥ ಕವಲಿನೊಳಗೆ ತೊಗಟೆ ಸಿಕ್ಕಿಕೊಂಡಿರುತ್ತದೆ, ಎರಡೂ ಕಾಂಡ ಒಂದಕ್ಕೊಂದು ಬೆಸೆದಿರುವುದಿಲ್ಲ. ಸೀಳಿದ ಜಾಗದಲ್ಲಿ ಎರಡು ಗೇಣು ಉದ್ದಕ್ಕೂ ಕಪ್ಪು ತೊಗಟೆ. ಹಸಿ ಮರದ ಬೆಸುಗೆ ಅಂಚಿನಲ್ಲಿ ಎರಡು ಬೆರಳಷ್ಟೇ.

ಆಗ ಕಡಿದವರು, ಈಗ ಬಿದ್ದಿರುವ ಕಾಂಡದ ಒಳಟೊಂಗೆಗಳನ್ನೆಲ್ಲ ಸವರಿ ತುದಿಯಲ್ಲಿ ಜುಟ್ಟು ಬಿಟ್ಟಿದ್ದರು. ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕೈ ಅದು, ಅಲ್ಲಿಗೆ ಸರಿ. ಮನೆ ಪಕ್ಕ ಹಾಗೆ ಮಾಡಿದರೆ ಗಾಳಿಯ ಹೊಡೆತವೆಲ್ಲ ತುದಿಗೆ ಬಿದ್ದು, ಕಾಂಡವೇ ಹಾರೆಯಾಗಿ ಕವಲನ್ನು ಮೀಟುತ್ತದೆ. ನಿಂತಿರುವ ಅರ್ಧವನ್ನೂ ನಂಬುವಂತಿಲ್ಲ: ಅದರ ತಲೆಯನ್ನೇ ಹಾರಿಸಿದ್ದರು. ಈಗ ಸುತ್ತಲೂ ಎರಡಾಳುದ್ದದ ಚಿಗುರು. ಅವು ಹಿಡಿದಿರುವುದು ಹೊರಪದರವನ್ನು ಮಾತ್ರ, ಒಳಗೆ ಮಳೆನೀರಿಳಿದು ಕೊಳೆ.

ಕವಲು ಬಲವಿಲ್ಲದ ಮರದ ಭಾರ ಇಳಿಸಬೇಕಾದ್ದು ಹೊರತುದಿಯಿಂದ. ಉದ್ದ ಚಾಚಿದ ಟೊಂಗೆಯನ್ನು ಒಂದು ಪಕ್ಕಟೊಂಗೆಯವರೆಗೆ ಮೊಟಕು ಮಾಡಿ. ಆ ಪಕ್ಕಟೊಂಗೆ ಕಡಿಯುವ ಜಾಗದ ದಪ್ಪದಲ್ಲಿ ಮೂರನೇ ಒಂದು ಪಾಲಾದರೂ ಇರಲಿ. ಒಳಗಿನ ಸಣ್ಣ ಟೊಂಗೆ ಮುಟ್ಟಬೇಡಿ. ಒಂದು ಸಲಕ್ಕೆ ಹಸಿರಿನ ಕಾಲು ಭಾಗ ದಾಟಬಾರದು, ಮುದಿಮರಕ್ಕೆ ಅದೂ ಜಾಸ್ತಿ. ಎರಡು ಮೂರು ವರ್ಷಕ್ಕೆ ಹಂಚಿಕೊಳ್ಳಿ.

ದಪ್ಪ ಟೊಂಗೆಗೆ ಮೂರು ಕೊಯ್ತ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲು ಭಾಗ ಕೊಯ್ಯಿರಿ. ಅಲ್ಲಿಂದ ಎರಡಿಂಚು ಆಚೆ ಮೇಲಿನಿಂದ ಪೂರ್ತಿ ಕೊಯ್ದರೆ ಟೊಂಗೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು, ಟೊಂಗೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯ ಹೊರಗೆ ತೆಗೆಯಿರಿ. ಬಳೆ ಕೊಯ್ದುಹೋದರೆ ಗಾಯ ಬೇಗ ಮುಚ್ಚುವುದಿಲ್ಲ, ಮೋಟು ಬಿಟ್ಟರೆ ಅದೇ ಕೊಳೆಯುತ್ತದೆ. ಡಾಂಬರು ಬಳಿದು ಏನೂ ಉಪಯೋಗವಿಲ್ಲ. ಕಾಂಡಕ್ಕೆ ತಂತಿ ಸುತ್ತಿ ಬಿಗಿಯುವುದಂತೂ ಬೇಡವೇ ಬೇಡ, ಬೆಳೆದಂತೆ ತೊಗಟೆಗೆ ಕಚ್ಚಿ ಮರವನ್ನೇ ಕೊಲ್ಲುತ್ತದೆ.

ಕವಲಿನಿಂದ ಕೆಳಗೆ ಬಿರುಕಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ ಯಾರನ್ನೂ ಹತ್ತಿಸಬೇಡಿ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಎಷ್ಟೇ ಚುರುಕಿರಲಿ, ಅಡಿಕೆ ಮರ ಬೇರೆ, ಇದು ಬೇರೆ. ಆಗ ಮರ ತೆಗೆಸುವ ಮಾತು. ಕತ್ತಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಅನುಮತಿ ವಿಚಾರಿಸಿ, ಹತ್ತಿರ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.