ಕೆಲಸ ಬಿಡದೆ ಡಿಗ್ರಿ: ತುಮಕೂರಿನಲ್ಲಿದ್ದು ಮುಕ್ತ ವಿವಿಯಲ್ಲಿ ಬಿಎ ಮುಗಿಸಿದ ಮೇಲೆ

ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸ್ತೀವಿ ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮಲ್ಲಿ ಬಿಎ, ಬಿಕಾಂ ಅಂದರೆ ಮೂರು ವರ್ಷ. ಕಾಲೇಜಿಗೆ ಹೋಗಿ ಓದಿದರೂ ಅಷ್ಟೇ, ಡಿಸ್ಟೆನ್ಸ್‌ನಲ್ಲಿ ಓದಿದರೂ ಅಷ್ಟೇ. ನಾನು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿಕೊಂಡೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಅದೇ ಎಲ್ಲರೂ ಕೆಎಸ್‌ಒಯು ಅಂತಾರಲ್ಲ ಅಲ್ಲಿ, ಬಿಎ ಮುಗಿಸಿದೆ. ಮೂರು ವರ್ಷ ಹಿಡಿಯಿತು, ಯಾವ ಪೇಪರೂ ಬಾಕಿ ಉಳಿಯಲಿಲ್ಲ. ದುಡಿಯುವವರು ಬೇಗ ಮುಗಿಸುವುದು ಅಂದರೆ ಇದೇ: ಪೇಪರ್ ಬಾಕಿ ಇಟ್ಟುಕೊಳ್ಳದೆ ಓದುವುದು.

ಸೇರುವ ಮೊದಲು ಊರಿನ ಒಂದು ಕನ್ಸಲ್ಟೆನ್ಸಿಗೂ ಹೋಗಿ ವಿಚಾರಿಸಿದ್ದೆ. "ಒನ್ ಸಿಟ್ಟಿಂಗ್" ಅಂದರು. ಹಿಂದಿನ ವರ್ಷಗಳಲ್ಲೇ ಅಡ್ಮಿಷನ್ ಆಗಿದೆ ಅಂತ ತೋರಿಸಿ, ಮೂರೂ ವರ್ಷದ ಪರೀಕ್ಷೆ ಒಟ್ಟಿಗೆ ಬರೆಸಿ, ಮಾರ್ಕ್ಸ್ ಕಾರ್ಡ್ ಕೈಗೆ ಕೊಡ್ತಾರಂತೆ. ಯಾವ ಯೂನಿವರ್ಸಿಟಿ ಸಾರ್ ಅಂತ ಕೇಳಿದರೆ, ಮೊದಲು ದುಡ್ಡು ಕಟ್ಟಿ ಆಮೇಲೆ ಹೇಳ್ತೀವಿ ಅಂದರು. ಎದ್ದು ಬಂದೆ. ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಯಾಕೆಂದರೆ ಇಂಥ ಕಡೆ ಹೋಗುವವರು ನನ್ನ ಹಾಗೆ ತಿಂಗಳ ಸಂಬಳ ನಂಬಿ ಬದುಕುವವರೇ. ಅವರು ಡಿಗ್ರಿ ಕೇಳುವುದು ಸುಮ್ನೆ ಅಲ್ಲ. ಸರ್ಕಾರಿ ಕೆಲಸದಲ್ಲಿ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡಿಗ್ರಿ ಬೇಕೇ ಬೇಕು. ಕಷ್ಟಪಟ್ಟು ಓದಿ ಸೆಲೆಕ್ಟ್ ಆಗಿ, ಆಮೇಲೆ ದಾಖಲೆ ಪರಿಶೀಲನೆಯಲ್ಲಿ ಸರ್ಟಿಫಿಕೇಟ್ ನಕಲಿ ಅಂತಾದರೆ ಕೆಲಸ ಹೋಗುವುದು ಮಾತ್ರವಲ್ಲ, ಕೇಸೂ ಬೀಳುತ್ತದೆ.

ಹಾಗಾಗಿ ಎಲ್ಲಿಗೇ ಸೇರಿದರೂ ಮೊದಲು ದೇಶದ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ ಡಿಸ್ಟೆನ್ಸ್ ಎಜುಕೇಶನ್ ಬ್ಯೂರೋ ವೆಬ್‌ಸೈಟ್ ನೋಡಿ. ಆ ವರ್ಷ ಆ ಯೂನಿವರ್ಸಿಟಿಗೆ ಆ ಕೋರ್ಸ್ ನಡೆಸಲು ಅನುಮತಿ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಕೆಎಸ್‌ಒಯುಗೇ 2013–14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಹಳೆಯ ಆ ಸುದ್ದಿ ಕೇಳಿ ಈಗಲೂ ಹೆದರುವವರಿದ್ದಾರೆ. ಮಾನ್ಯತೆ ಇರುವ ಕಡೆ ಪಡೆದ ಡಿಸ್ಟೆನ್ಸ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿಯೇ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಮಾತು, ಡಿಪ್ಲೊಮಾ ಮಾಡಿ ಕೆಲಸದಲ್ಲಿರುವ ಹುಡುಗರು ಡಿಸ್ಟೆನ್ಸ್ ಬಿಇ ಅಂತ ಹುಡುಕುತ್ತಿರುತ್ತಾರೆ. ಎಂಜಿನಿಯರಿಂಗ್, ನರ್ಸಿಂಗ್, ಲಾ ಇವನ್ನೆಲ್ಲ ಡಿಸ್ಟೆನ್ಸ್‌ನಲ್ಲಿ ಕೊಡುವ ಹಾಗೇ ಇಲ್ಲ.

ಈಗ ಓದಿನ ವಿಷಯಕ್ಕೆ ಬರುತ್ತೇನೆ. ನಾನು ಕೇಂದ್ರದ ಮುಕ್ತ ವಿವಿ ಇಗ್ನೋ ಬಿಟ್ಟು ಕೆಎಸ್‌ಒಯು ಆರಿಸಿಕೊಂಡಿದ್ದು ಒಂದೇ ಕಾರಣಕ್ಕೆ, ಕನ್ನಡ. ಇಗ್ನೋ ಪುಸ್ತಕಗಳು ಚೆನ್ನಾಗಿವೆ, ಅದರ ಇ-ಜ್ಞಾನಕೋಶ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ ಕೂಡ, ಆದರೆ ಹೆಚ್ಚಿನವು ಇಂಗ್ಲಿಷ್, ಹಿಂದಿಯಲ್ಲಿವೆ. ರಾತ್ರಿ ಶಿಫ್ಟ್ ಮುಗಿಸಿ ಬಂದು ಇಂಗ್ಲಿಷ್‌ನಲ್ಲಿ ರಾಜ್ಯಶಾಸ್ತ್ರ ಓದುವಷ್ಟು ಶಕ್ತಿ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಕೆಎಸ್‌ಒಯು ಸಿದ್ಧಪಾಠಗಳು ಮೇಷ್ಟ್ರು ಎದುರಿಗಿಲ್ಲ ಅಂತ ತಿಳಿದೇ ಬರೆದವು. ಪಾಠವನ್ನು ಸಣ್ಣ ಸಣ್ಣ ಘಟಕ ಮಾಡಿದ್ದಾರೆ, ಕೊನೆಯಲ್ಲಿ ಪ್ರಶ್ನೆಗಳಿವೆ. ಫ್ಯಾಕ್ಟರಿ ಬಸ್ ತುಮಕೂರು ಮುಟ್ಟುವಷ್ಟರಲ್ಲಿ ಅರ್ಧ ಘಟಕ ಓದಬಹುದಿತ್ತು, ಉಳಿದರ್ಧ ಮಾರನೇ ದಿನ. ಇತಿಹಾಸ ಪಾಠವಂತೂ ಎಷ್ಟು ಇಷ್ಟವಾಯಿತೆಂದರೆ ಪರೀಕ್ಷೆಗೆ ಬರಲ್ಲ ಅಂತ ಗೊತ್ತಿದ್ದ ಭಾಗಗಳನ್ನೂ ಓದಿದೆ. ಪ್ರಾದೇಶಿಕ ಕೇಂದ್ರ ತುಮಕೂರಿನಲ್ಲೇ ಇರುವುದರಿಂದ ಸಣ್ಣಪುಟ್ಟ ಕೆಲಸಕ್ಕೆಲ್ಲ ರಜೆ ಹಾಕಿ ಮುಖ್ಯ ಕಚೇರಿ ಇರುವ ಮೈಸೂರಿಗೆ ಓಡುವುದು ತಪ್ಪಿತು. ಶಿಫ್ಟ್ ಕೆಲಸದವರಿಗೆ ಇದು ಸಣ್ಣ ಉಪಕಾರ ಅಲ್ಲ.

ಎಲ್ಲರಿಗೂ ಇದು ಹೊಂದುತ್ತದೆ ಅಂತ ಹೇಳಲ್ಲ. ಓದು ಅಂತ ನೆನಪು ಮಾಡುವವರು ಯಾರೂ ಇರಲ್ಲ. ಅಸೈನ್‌ಮೆಂಟ್, ಪರೀಕ್ಷೆ ಶುಲ್ಕ, ಹಾಲ್ ಟಿಕೆಟ್, ಎಲ್ಲದರ ಕೊನೆಯ ದಿನವನ್ನು ನಾವೇ ನೋಡಿಕೊಳ್ಳಬೇಕು. ಒಂದು ದಿನಾಂಕ ತಪ್ಪಿದರೆ ಮುಂದಿನ ಪರೀಕ್ಷೆವರೆಗೆ ಕಾಯಬೇಕು. ನನ್ನ ಜೊತೆ ಸೇರಿದವರಲ್ಲಿ ಕೆಲವರು ಇನ್ನೂ ಮುಗಿಸಿಲ್ಲ, ಅವರು ದಡ್ಡರಂತೂ ಅಲ್ಲ, ಮನೆ, ಮಕ್ಕಳು, ಓಟಿ ಅಂತ ಒಂದೊಂದೇ ಪೇಪರ್ ಹಿಂದೆ ಬಿತ್ತು.

ಮೂರು ವರ್ಷದ ಡಿಗ್ರಿಯನ್ನು ಐದು ಸೆಮಿಸ್ಟರ್‌ನಲ್ಲಿ ಮುಗಿಸುವ ದಾರಿಗೆ ಯುಜಿಸಿ 2024ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಅದು ಶೇ 10ರಷ್ಟು ಸೀಟುಗಳವರೆಗೆ ಮಾತ್ರ, ಅದೂ ಮೊದಲ ಅಥವಾ ಎರಡನೇ ಸೆಮಿಸ್ಟರ್ ಆದಮೇಲೆ ಒಂದು ಸಮಿತಿ ನೋಡಿ ಆರಿಸುತ್ತದೆ. ಅದರಿಂದ ಉಳಿತಾಯವಾಗುವುದು ಆರು ತಿಂಗಳು ಅಷ್ಟೇ. ಅದನ್ನೇ ನಂಬಿ ಅಡ್ಮಿಷನ್ ಮಾಡಿಸಬೇಡಿ. ಅರ್ಧಕ್ಕೆ ಕಾಲೇಜು ಬಿಟ್ಟವರು ಮಾತ್ರ ತಮ್ಮ ಹಳೆಯ ಕ್ರೆಡಿಟ್ (ಪಾಸಾದ ಪೇಪರ್‌ಗಳ ಲೆಕ್ಕ) ಅದನ್ನು ಇಡುವ ಆನ್‌ಲೈನ್ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ದಾಖಲಾಗಿದೆಯಾ ಅಂತ ಸೇರುವ ಮೊದಲೇ ಕೇಳಿಕೊಳ್ಳಿ. ಅದಕ್ಕೆ ಹೆಚ್ಚೆಂದರೆ ಏಳು ವರ್ಷ ಬೆಲೆ ಇರುತ್ತದೆ.

ಕೆಎಸ್‌ಒಯು ಅಡ್ಮಿಷನ್ ಜುಲೈ, ಜನವರಿ ಎರಡು ಸಲ ನಡೆಯುತ್ತದೆ. ಜುಲೈ ತಪ್ಪಿತು ಅಂತ ಒಂದು ವರ್ಷ ಕೂರಬೇಡಿ, ಜನವರಿಗೆ ಸೇರಿಕೊಳ್ಳಿ. ಟೈಮ್‌ಟೇಬಲ್ ಬಂದ ದಿನವೇ ಸೂಪರ್‌ವೈಸರ್ ಹತ್ತಿರ ಪರೀಕ್ಷೆ ರಜೆ ಬರೆಸಿಬಿಡಿ.