ಅನ್‌ಇನ್‌ಸ್ಟಾಲ್ ಆದ ಮೇಲೂ ಉಳಿಯುವ ಕಸಕ್ಕೆ ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್

ಪಾಠದ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ಹೊಸ ಎಡಿಟರ್, ಸ್ಕ್ರೀನ್ ರೆಕಾರ್ಡರ್, ಕನ್ವರ್ಟರ್ ಏನು ಕಣ್ಣಿಗೆ ಬಿದ್ದರೂ ಟ್ರಯಲ್ ಹಾಕಿ ನೋಡುತ್ತೇನೆ. ಹಿಡಿಸದಿದ್ದರೆ ತೆಗೆದುಬಿಡುತ್ತೇನೆ. ಆದರೆ ತೆಗೆದದ್ದು ಪೂರ್ತಿ ಹೋಗಿರುವುದಿಲ್ಲ. ಯಾವತ್ತೋ ತೆಗೆದ ಒಂದು ಎಡಿಟರ್‌ನ ಹೆಸರು ರೈಟ್ ಕ್ಲಿಕ್ ಮೆನುವಿನಲ್ಲಿ ಹಾಗೇ ಕೂತಿತ್ತು, ಒತ್ತಿದರೆ ಎರರ್. ಇನ್ನೊಂದು ಸಾಫ್ಟ್‌ವೇರ್ ಆ್ಯಪ್‌ಡೇಟಾದಲ್ಲಿ, ಅಂದರೆ ಸಾಫ್ಟ್‌ವೇರ್‌ಗಳು ತಮ್ಮ ಸೆಟ್ಟಿಂಗ್ ಇತ್ಯಾದಿ ಇಟ್ಟುಕೊಳ್ಳುವ ಅಡಗಿದ ಫೋಲ್ಡರಿನಲ್ಲಿ, ಪ್ರಿವ್ಯೂ ಕ್ಯಾಶೆ (ಬೇಗ ತೋರಿಸಲೆಂದು ಮಾಡಿಟ್ಟ ತಾತ್ಕಾಲಿಕ ಫೈಲುಗಳು) ಬಿಟ್ಟು ಹೋಗಿತ್ತು, ಅದೂ ಹಲವು ಜಿಬಿ. ಚಿಕ್ಕ ಎಸ್ಎಸ್‌ಡಿ ಇರುವವರಿಗೆ ಇದು ಸಣ್ಣ ತೊಂದರೆಯಲ್ಲ.

ಹೀಗೇಕಾಗುತ್ತದೆ ಅಂದರೆ, ಸಾಫ್ಟ್‌ವೇರ್ ತೆಗೆಯುವ ಕೆಲಸವನ್ನು ವಿಂಡೋಸ್ ಸಾಮಾನ್ಯವಾಗಿ ಆ ಸಾಫ್ಟ್‌ವೇರ್‌ನ ಅನ್‌ಇನ್‌ಸ್ಟಾಲರ್‌ಗೇ ಬಿಟ್ಟುಬಿಡುತ್ತದೆ. ಅದು ಹಾಕುವಾಗ ಇಟ್ಟ ಫೈಲುಗಳನ್ನು ತೆಗೆಯುತ್ತದೆ. ಆಮೇಲೆ ಬಳಸುವಾಗ ಹುಟ್ಟಿದ ಕ್ಯಾಶೆ, ಲಾಗ್, ಸೆಟ್ಟಿಂಗ್‌ಗಳ ತಂಟೆಗೆ ಎಷ್ಟೋ ಸಲ ಹೋಗುವುದೇ ಇಲ್ಲ. ಮತ್ತೆ ಹಾಕಿಕೊಂಡರೆ ಹಳೆಯ ಸೆಟ್ಟಿಂಗ್ ಸಿಗಲಿ ಅಂತ ಕೆಲವು ಕಂಪನಿಗಳು ಬೇಕೆಂದೇ ಉಳಿಸುತ್ತವೆ. ಅದೂ ಸರಿಯೇ, ಆದರೆ ನಮ್ಮನ್ನು ಒಂದು ಮಾತು ಕೇಳಬಹುದಲ್ವಾ?

ಈ ಉಳಿಕೆಗಳಿಗೆ ನಾನು ಈಗ ಬಳಸುವುದು ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್. ಚಿಕ್ಕದಾಗಿ ಬಿಸಿಯು. ವಿಂಡೋಸ್‌ಗೆ ಮಾತ್ರ ಇದೆ. ಪೂರ್ತಿ ಉಚಿತ, ಓಪನ್ ಸೋರ್ಸ್. ಪೋರ್ಟಬಲ್ ಆವೃತ್ತಿಯೂ ಇದೆ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ, ಕಸ ತೆಗೆಯುವ ಸಾಫ್ಟ್‌ವೇರನ್ನೂ ಇನ್‌ಸ್ಟಾಲ್ ಮಾಡುವುದು ಬೇಡ ಅಂತ.

ತೆರೆದಾಗ ಪಟ್ಟಿ ಬರಲು ಸ್ವಲ್ಪ ಕಾಯಬೇಕು. ಪರದೆ ತುಂಬ ಬಟನ್, ಕಾಲಂ, ಬಣ್ಣ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುವುದು ಸಹಜ. ಬೇಕಾದ್ದು ಸ್ವಲ್ಪವೇ. ಹೆಸರು ಟಿಕ್ ಮಾಡಿ, ಅನ್‌ಇನ್‌ಸ್ಟಾಲ್ ಒತ್ತಿ. ನಾಲ್ಕೈದು ಟ್ರಯಲ್‌ಗಳನ್ನು ಒಟ್ಟಿಗೆ ತೆಗೆಯಲು ಕ್ವಯಟ್ ಅನ್‌ಇನ್‌ಸ್ಟಾಲ್ ಇದೆ. ಪ್ರತಿ ಸಲ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಕೂರಬೇಕಿಲ್ಲ. ಶುರುವಿಗೆ ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಗುರುತು) ಮಾಡಲೇ ಅಂತ ಕೇಳುತ್ತದೆ. ಹೌದು ಅನ್ನಿ.

ನನಗೆ ಇದು ಇಷ್ಟವಾದದ್ದು ಆಮೇಲೆ ಬರುವ ಕಿಟಕಿಗೆ. ಅನ್‌ಇನ್‌ಸ್ಟಾಲರ್ ತನ್ನ ಕೆಲಸ ಮುಗಿಸಿದ ಮೇಲೆ ಬಿಸಿಯು ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾ ಫೋಲ್ಡರುಗಳು, ರಿಜಿಸ್ಟ್ರಿ (ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗಳ ಸೆಟ್ಟಿಂಗ್ ಬರೆದಿಡುವ ಜಾಗ) ಎಲ್ಲ ಹುಡುಕಿ, ಉಳಿದದ್ದನ್ನು ಪಟ್ಟಿ ಮಾಡುತ್ತದೆ. ಪ್ರತಿ ಸಾಲಿನ ಪಕ್ಕದಲ್ಲಿ ಅದು ನಿಜವಾಗಿಯೂ ಉಳಿಕೆ ಎಂಬುದು ಎಷ್ಟು ಖಾತ್ರಿ ಅಂತ ಬರೆದಿರುತ್ತದೆ. ಯಾಕೆ ಹಾಗೆ ಅಂದುಕೊಂಡಿತು ಅಂತಲೂ ನೋಡಬಹುದು: ಫೋಲ್ಡರಿನ ಹೆಸರು ಹೊಂದಿತೋ, ಕಂಪನಿಯ ಹೆಸರು ಮಾತ್ರ ಹೊಂದಿತೋ, ಒಳಗೆ ಏನಾದರೂ ಇದೆಯೋ. ಖಾತ್ರಿ ಇರುವುದಕ್ಕೆ ತಾನೇ ಟಿಕ್ ಹಾಕಿರುತ್ತದೆ. ಅನುಮಾನ ಇದ್ದದ್ದನ್ನು ನಮಗೆ ಬಿಡುತ್ತದೆ.

ಇದರ ಬೆಲೆ ನನಗೆ ಗೊತ್ತಾದದ್ದು ಒಂದು ರೆಕಾರ್ಡರ್ ತೆಗೆಯುವಾಗ. ಅದೇ ಕಂಪನಿಯ ಎಡಿಟರನ್ನು ನಾನು ದಿನವೂ ಬಳಸುತ್ತೇನೆ. ಎರಡೂ ಆ್ಯಪ್‌ಡೇಟಾದೊಳಗಿನ ರೋಮಿಂಗ್ ಫೋಲ್ಡರಿನಲ್ಲಿ ಕಂಪನಿ ಹೆಸರಿನ ಒಂದೇ ಫೋಲ್ಡರಿನೊಳಗೆ ಸೇರಿಕೊಂಡಿದ್ದವು. ಬಿಸಿಯು ಆ ಫೋಲ್ಡರನ್ನು ತೋರಿಸಿತು, ಆದರೆ ಖಾತ್ರಿ ಕಡಿಮೆ ಅಂತ ಹೇಳಿ ಟಿಕ್ ಹಾಕದೆ ಬಿಟ್ಟಿತ್ತು. ತೆರೆದು ನೋಡಿದರೆ ಎಡಿಟರ್‌ನ ನನ್ನ ಎಲ್ಲ ಟೆಂಪ್ಲೇಟು, ಎಕ್ಸ್‌ಪೋರ್ಟ್ ಪ್ರಿಸೆಟ್ಟುಗಳು ಅಲ್ಲೇ ಇದ್ದವು. ರೆಕಾರ್ಡರ್‌ನ ಉಪಫೋಲ್ಡರ್ ಒಂದನ್ನೇ ಅಳಿಸಿದೆ. ಎಲ್ಲಕ್ಕೂ ಟಿಕ್ ಹಾಕಿ ಡಿಲೀಟ್ ಒತ್ತುವ ಅಭ್ಯಾಸ ಇರುವವರು ದಯವಿಟ್ಟು ಈ ಕಿಟಕಿಯಲ್ಲಿ ನಿಧಾನಿಸಿ. ರಿಜಿಸ್ಟ್ರಿ ಕೀ (ಅಲ್ಲಿನ ನಮೂದು) ಅಳಿಸುವ ಮುಂಚೆ ಬ್ಯಾಕಪ್ ಬೇಕೇ ಅಂತ ಕೇಳುತ್ತದೆ. ಅದಕ್ಕೂ ಬೇಡ ಅನ್ನಬೇಡಿ.

ಬಿಸಿಯು ಬರುವ ಮೊದಲೇ ತೆಗೆದುಹಾಕಿದ್ದ ಸಾಫ್ಟ್‌ವೇರ್‌ಗಳ ಉಳಿಕೆಗೂ ದಾರಿ ಇದೆ. ಟೂಲ್ಸ್ ಮೆನುವಿನಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳಲ್ಲಿ ಅನಾಥವಾಗಿ ಬಿದ್ದಿರುವುದನ್ನು ಹುಡುಕುವ ಆಯ್ಕೆ ಇದೆ. ಅನ್‌ಇನ್‌ಸ್ಟಾಲರ್ ಫೈಲೇ ಕಳೆದುಹೋಗಿ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿದ್ದರೆ, ಮ್ಯಾನ್ಯುಯಲ್ ಅನ್‌ಇನ್‌ಸ್ಟಾಲ್ ಅಂತ ಕೊಟ್ಟು ನೇರ ಉಳಿಕೆಗಳಿಗೇ ಹೋಗಬಹುದು.

ಎಲ್ಲವೂ ಇದರ ಕೈಗೆ ಸಿಗುವುದಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ನಮ್ಮ ಪ್ರಾಜೆಕ್ಟುಗಳ ಜೊತೆ ಬೆರೆತದ್ದನ್ನು ನಾವೇ ನೋಡಬೇಕು. ನನ್ನ ಆ ರೈಟ್ ಕ್ಲಿಕ್ ಮೆನುವಿನ ಹೆಸರಿಗೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಗುಂಪಿನ ಆಟೋರನ್ಸ್ ಬೇಕಾಯಿತು. ವಿಂಡೋಸ್ ಜೊತೆ ತಾನಾಗಿ ಶುರುವಾಗುವುದನ್ನು, ಮೆನುಗಳಿಗೆ ಸೇರಿಕೊಂಡದ್ದನ್ನು ಪಟ್ಟಿ ಮಾಡಿ ತೋರಿಸುವ ಟೂಲ್ ಇದು. ಅದೂ ಉಚಿತ. ಫೈಲ್ ಇಲ್ಲದೆ ನಮೂದು ಮಾತ್ರ ಉಳಿದಿರುವುದನ್ನು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಅಳಿಸುವ ಬದಲು ಮೊದಲು ಟಿಕ್ ತೆಗೆದು ನೋಡಿ. ತೊಂದರೆ ಆದರೆ ಮತ್ತೆ ಟಿಕ್ ಹಾಕಿದರಾಯಿತು.

ಕಂಪ್ಯೂಟರ್ ವೇಗವಾಗುತ್ತದೆ ಅಂತ ಇದನ್ನು ಹಾಕಬೇಡಿ. ರಿಜಿಸ್ಟ್ರಿಯಲ್ಲಿ ಸುಮ್ನೆ ಬಿದ್ದಿರುವ ಹಳೆಯ ಕೀಗಳಿಂದ ಕಂಪ್ಯೂಟರ್ ಗೊತ್ತಾಗುವಷ್ಟು ನಿಧಾನ ಆಗುವುದಿಲ್ಲ. ಹಾಗೆ ಹೆದರಿಸಿ ದುಡ್ಡು ಕೇಳುವ ರಿಜಿಸ್ಟ್ರಿ ಕ್ಲೀನರ್‌ಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಅಂಥವನ್ನು ಬಳಸುವುದನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ. ನಿಜವಾದ ಲಾಭ ಡಿಸ್ಕಿನ ಜಾಗ, ತೊಂದರೆ ಕೊಡುವ ಮೆನು, ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಅಪ್‌ಡೇಟ್ ಸರ್ವಿಸ್, ಇಷ್ಟರಲ್ಲೇ.

ತಿಂಗಳಿಗೆ ಒಂದೆರಡಾದರೂ ಸಾಫ್ಟ್‌ವೇರ್ ಹಾಕಿ ತೆಗೆಯುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಅಪರೂಪಕ್ಕೆ ತೆಗೆಯುವವರಿಗೆ ವಿಂಡೋಸ್ ಸೆಟ್ಟಿಂಗ್ಸ್ ಸಾಕು, ಆಮೇಲೆ ಆ್ಯಪ್‌ಡೇಟಾ ಒಮ್ಮೆ ಇಣುಕಿದರಾಯಿತು. ಆ್ಯಂಟಿವೈರಸ್ ತೆಗೆಯುವುದಾದರೆ ಮಾತ್ರ ಬಿಸಿಯು ಬೇಡ. ಅದರ ಡ್ರೈವರುಗಳು ಸಿಸ್ಟಮ್ಮಿನ ಆಳದಲ್ಲಿ ಸೇರಿಕೊಂಡಿರುತ್ತವೆ. ದೊಡ್ಡ ಆ್ಯಂಟಿವೈರಸ್ ಕಂಪನಿಗಳಲ್ಲಿ ಹೆಚ್ಚಿನವು ಅದಕ್ಕೆಂದೇ ಬೇರೆ ರಿಮೂವಲ್ ಟೂಲ್ ಕೊಡುತ್ತವೆ, ಅದನ್ನೇ ಬಳಸಿ.